ದೃಶ್ಯ 214ರ ಎರಡು ಹಾಳೆಗಳು

ನಾನು ಮಾರಿಯೆಲ್ ಸ್ಟ್ರೌಡ್, ವಯಸ್ಸು 24 ವರ್ಷ, ಸಾಹಿತ್ಯದಲ್ಲಿ ಪದವಿ ಮುಗಿಸಿದ್ದೇನೆ, ಉದ್ಯೋಗ ಹಳೆಯ ಕಾರ್ಟೂನ್ ಚಿತ್ರಗಳ ಅಂಗಡಿಯಲ್ಲಿ ವಿವರಣೆ ಬರೆಯುವುದು, ವಾಸ ಮನೆ ನಂಬರ್ 6, ಎರಡನೇ ಮಹಡಿ, ಆಲ್ಡರ್ ಬೀದಿ, ಬರ್‌ಬ್ಯಾಂಕ್, ಕ್ಯಾಲಿಫೋರ್ನಿಯಾ. ದಿನಾಂಕ 14-10-2023ರ ಶನಿವಾರ ಡೈನಮೋ ಲಾಯದ ವಾರ್ಷಿಕ ಸಭೆಯಲ್ಲಿ ನಡೆದ ಘಟನೆಯ ಬಗ್ಗೆ ಸಾರ್ಜೆಂಟ್ ಕಿಂಬ್ರೋ ಅವರು ಠಾಣೆಗೆ ಕರೆಸಿ ವಿಚಾರಿಸಲಾಗಿ ನಾನು ಬರೆಸುವುದು ಹೀಗಿದೆ.

ನಾನು ಶ್ರೀ ಡ್ವೇನ್ ಹ್ಯಾಲೋರನ್ ಅವರ ಅಂಗಡಿಯಲ್ಲಿ ಹದಿನಾಲ್ಕು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ಪ್ರಕರಣದ ದೂರುದಾರರು ಅವರೇ. ಮಾರಾಟಕ್ಕೆ ಬಂದ ಪ್ರತಿ ಚಿತ್ರಕ್ಕೂ ನೂರಿಪ್ಪತ್ತು ಪದಗಳ ವಿವರಣೆ ಬರೆಯುವುದು ನನ್ನ ಕೆಲಸ. ಗಿರಾಕಿಗಳ ಜೊತೆ ಮಾತಾಡುವುದು ನನ್ನ ಕೆಲಸವಲ್ಲ. ಅದು ನನಗೆ ಬರುವುದಿಲ್ಲ ಎಂದು ಮೊದಲ ವಾರದಲ್ಲೇ ತೀರ್ಮಾನವಾಗಿತ್ತು. ಅಂಗಡಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಸಾಹಿತ್ಯ ಎಂದು ಕರೆಯುತ್ತಾರೆ.

ಹ್ಯಾಲೋರನ್ ಅವರು ಡೈನಮೋ ಲಾಯ ಎಂಬ ಅಭಿಮಾನಿ ಸಂಘದ ಅಧ್ಯಕ್ಷರೂ ಹೌದು. 1974ರಿಂದ 1976ರವರೆಗೆ ಶನಿವಾರ ಬೆಳಿಗ್ಗೆ ಟೀವಿಯಲ್ಲಿ ಬರುತ್ತಿದ್ದ ‘ಡೈನಮೋ ಹೇಸರಗತ್ತೆ’ ಎಂಬ ಇಪ್ಪತ್ತಾರು ಕಂತುಗಳ ಕಾರ್ಟೂನಿನ ಅಭಿಮಾನಿಗಳು ಅದರ ಸದಸ್ಯರು. ಕೆಂಪು ಸ್ಕಾರ್ಫ್ ಕಟ್ಟಿದ ಹೇಸರಗತ್ತೆಯೊಂದು ಪ್ರೂಡೆನ್ಸ್ ಎಂಬ ಕೋಳಿಯ ಜೊತೆ ಸೇರಿ ಕಳ್ಳಕಾಕರನ್ನು ಒದೆಯುವುದು ಅದರ ಕಥೆ. ಸದಸ್ಯರು ತಮ್ಮನ್ನು ಲಾಯದವರು ಎಂದು ಹೇಳಿಕೊಳ್ಳುತ್ತಾರೆ. ಅಧ್ಯಕ್ಷರನ್ನು ಯಜಮಾನರು ಎನ್ನುತ್ತಾರೆ. ಸಭೆಯಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಬೂಟಿನ ಹಿಮ್ಮಡಿಯಿಂದ ನೆಲಕ್ಕೆ ಒದೆಯುತ್ತಾರೆ.

ಸಾರ್ಜೆಂಟ್ ಅವರು ಕೇಳಿದ್ದರಿಂದ ಹಾಳೆಯ ಬಗ್ಗೆ ಹೇಳುತ್ತೇನೆ. ಆ ಕಾಲದ ಕಾರ್ಟೂನಿನ ಒಂದೊಂದು ಚಿತ್ರವೂ ಒಂದೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಇರುತ್ತಿತ್ತು. ಮುಂದಿನ ಬದಿಗೆ ಕಪ್ಪು ಗೆರೆಯನ್ನು ಯಂತ್ರದಿಂದ ಅಚ್ಚು ಹಾಕುತ್ತಿದ್ದರು. ಹಿಂದಿನ ಬದಿಗೆ ಬಣ್ಣವನ್ನು ಕೈಯಿಂದ ತುಂಬುತ್ತಿದ್ದರು. ತುಂಬುತ್ತಿದ್ದವರೆಲ್ಲ ಹೆಂಗಸರು. ಅವರ ಹೆಸರು ಪರದೆಯ ಮೇಲೆ ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಬಣ್ಣ ಬಿಡುತ್ತದೆ, ಅಚ್ಚಿನ ಗೆರೆ ಬಿಡುವುದಿಲ್ಲ. ನಕಲಿ ಮಾಡುವವರು ಗೆರೆಯನ್ನೂ ಪೆನ್ನಿನಿಂದ ಎಳೆಯುವುದರಿಂದ ನಕಲಿ ಹಾಳೆಯಲ್ಲಿ ಎರಡೂ ಬಿಡುತ್ತವೆ.

ಇದರಿಂದಲೇ ಲಾಯದಲ್ಲಿ ನೀರಿನ ಪರೀಕ್ಷೆ ಎಂಬ ಪದ್ಧತಿ ಬಂತು. ಯಾರಾದರೂ ತಂದ ಹಾಳೆಯ ಮೇಲೆ ಅನುಮಾನ ಬಂದರೆ ವೇದಿಕೆಯ ಮೇಲೆ ಬಿಳಿ ಎನಾಮಲ್ ಬೋಗುಣಿ ಇಟ್ಟು ಎಲ್ಲರೆದುರು ತೊಳೆಯುವುದು. ಇದಕ್ಕೆ ಎರಡು ನಿಯಮಗಳಿವೆ, ಬರೆದು ಗೋಡೆಗೆ ಹಾಕಿದ್ದಾರೆ. ಹಾಳೆಯನ್ನು ತಂದವರೇ ತೊಳೆಯಬೇಕು. ಯಾರೂ ಅವರನ್ನು ಬಲವಂತ ಮಾಡಬಾರದು. ಒಂಬತ್ತು ವರ್ಷಗಳಲ್ಲಿ ಏಳು ಹಾಳೆಗಳನ್ನು ತೊಳೆದಿದ್ದರು. ಏಳರಲ್ಲೂ ಗೆರೆ ಬಿಟ್ಟಿತ್ತು. ಗೆರೆ ನಿಂತರೆ ಏನು ಮಾಡುವುದು ಎಂದು ಆವರೆಗೆ ಯಾರೂ ಕೇಳಿರಲಿಲ್ಲ.

ದಿನಾಂಕ 12-10-2023ರ ಗುರುವಾರ ಸಂಜೆ 4.20ಕ್ಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಸ್ಟುಡಿಯೋ ಒಂದರಿಂದ ಬಂದ ಪೆಟ್ಟಿಗೆಯನ್ನು ತೆರೆದೆ. ಮುಚ್ಚಳದ ಒಳಬದಿಗೆ ಒಂದು ರಟ್ಟು ಅಂಟಿಕೊಂಡಿತ್ತು. ಅದು ಬಣ್ಣದ ಪಟ್ಟಿ. ಯಾವ ಭಾಗಕ್ಕೆ ಯಾವ ಬಣ್ಣ ಎಂದು ಮಾದರಿ ಬಳಿದು ತೋರಿಸುವ ರಟ್ಟಿಗೆ ಹಾಗೆ ಹೇಳುತ್ತಾರೆ. ಉದ್ದ ಹನ್ನೆರಡು ಇಂಚು, ಅಗಲ ಒಂಬತ್ತು ಇಂಚು. ಮೇಲೆ ಕಂತು 26, ದೃಶ್ಯ 214 ಎಂದಿತ್ತು. ಅದು ಕೊನೆಯ ಕಂತಿನ ಕೊನೆಯ ದೃಶ್ಯ. ಮುಸ್ಸಂಜೆ ಹೊತ್ತಿನಲ್ಲಿ ಹೇಸರಗತ್ತೆ ಸ್ಕಾರ್ಫ್ ಬಿಚ್ಚಿ ಬೀಸುತ್ತದೆ. ಸ್ಕಾರ್ಫಿನ ಸಾಲಿನಲ್ಲಿ ಎರಡು ಬಣ್ಣಗಳಿದ್ದವು. ಮೊದಲನೆಯದು ನೇರಳೆ 38. ಅದರ ಪಕ್ಕದಲ್ಲಿ, ಮುಸ್ಸಂಜೆಗೆಂದು ಬಳಿದದ್ದು, ಟೀವಿಯವರು ಒಪ್ಪಲಿಲ್ಲ ಎಂದು ಬರೆದಿತ್ತು. ಎರಡನೆಯದು ಕೆಂಪು 11. ಅದರ ಪಕ್ಕದಲ್ಲಿ, ಎಲ್ಲ ಹಾಳೆ ಮತ್ತೆ ಮಾಡಿದ್ದು ಎಂದು ಬರೆದಿತ್ತು. ಕೆಳಗೆ ಬಳಿದವರ ಹೆಸರಿನ ಮೊದಲಕ್ಷರಗಳು, ಯೂ. ಒ., ಮತ್ತು ತಾರೀಕು 6-11-1975.

ನಾನು ಅದನ್ನು ಹ್ಯಾಲೋರನ್ ಅವರ ಬಳಿಗೆ ತೆಗೆದುಕೊಂಡು ಹೋದೆ. ಅವರು ಏಣಿಯ ಮೇಲೆ ನಿಂತು ಕೆಂಪು ರಿಬ್ಬನ್ ಅಳೆಯುತ್ತಿದ್ದರು. ರಟ್ಟನ್ನು ನೋಡಲಿಲ್ಲ. ಕಾಗದ ಪತ್ರ ಯಾರಿಗೂ ಬೇಡ, ಜನಕ್ಕೆ ಬೇಕಾದದ್ದು ಕತ್ತೆಯ ಮುಖ, ಸಭೆ ಮುಗಿದ ಮೇಲೆ ನೋಡೋಣ ಎಂದರು. ನಾನು ಅದಕ್ಕೆ ವಿವರಣೆ ಬರೆಯಲೆಂದು ಹಸಿರು ಫೈಲಿನಲ್ಲಿಟ್ಟು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಶನಿವಾರ ಬೆಳಿಗ್ಗೆ 9.30ಕ್ಕೆ ಸಭಾಂಗಣ ತೆರೆಯಿತು. ನನ್ನ ಪಟ್ಟಿಯ ಪ್ರಕಾರ ಬಂದವರು 63 ಮಂದಿ. ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಬಂದವರ ಹೆಸರು ಬರೆದು ಬಿಲ್ಲೆ ಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು. ಬಿಲ್ಲೆಗಳು ಮೂರು ಬಗೆಯವು: ಅಭಿಮಾನಿ, ಸಂಗ್ರಾಹಕ, ಕೆಲಸ ಮಾಡಿದವರು. ನನ್ನ ಜೊತೆ ಸಂಘದ ಕಾರ್ಯದರ್ಶಿ ಶ್ರೀ ಟಾಡ್ ವೆಕ್ಸ್‌ಲರ್ ಇದ್ದರು. ಅವರು ದಿನವಿಡೀ ಬಟ್ಟೆಯ ಕತ್ತೆಕಿವಿಗಳನ್ನು ಕಟ್ಟಿಕೊಂಡಿದ್ದರು. ವೇದಿಕೆಯ ಹಿಂದಿನ ಗೋಡೆಯ ಎಡಕ್ಕೆ ಹ್ಯಾಲೋರನ್ ಅವರ ಸ್ವಂತದ, ಕೆಂಪು ಸ್ಕಾರ್ಫಿನ ಹಾಳೆಯನ್ನು ಚೌಕಟ್ಟಿನಲ್ಲಿ ತೂಗು ಹಾಕಿತ್ತು. ಅದೂ ದೃಶ್ಯ 214ರದ್ದೇ. ಅವರು ಅದನ್ನು ಹತ್ತೊಂಬತ್ತನೇ ವಯಸ್ಸಿನಲ್ಲಿ ಸಂಪಾದಿಸಿದ್ದಾಗಿ ಪ್ರತಿ ವರ್ಷ ಹೇಳುತ್ತಾರೆ. ಬಲಕ್ಕೆ ಮರದ ಫಲಕವಿತ್ತು. ಧಾರಾವಾಹಿಗೆ ಕೆಲಸ ಮಾಡಿದ ಅರವತ್ತೊಂದು ಜನರ ಹೆಸರು ಅದರಲ್ಲಿದ್ದವು. ಮರುವಾರ ಅದನ್ನು ಗ್ರಂಥಾಲಯದ ಗೋಡೆಗೆ ಗಾಜು ಹಾಕಿ ಕೂರಿಸುವುದಿತ್ತು. ಆಮೇಲೆ ಹೆಸರು ಸೇರಿಸುವಂತಿರಲಿಲ್ಲ.

ಬೆಳಿಗ್ಗೆ 10.40ಕ್ಕೆ ಶ್ರೀಮತಿ ಯೂಲಾಲಿಯಾ ಒಚೊವಾ ಬಂದರು. ಈ ಪ್ರಕರಣದ ಆರೋಪಿ ಅವರೇ. ಎರಡು ಬಸ್ಸು ಬದಲಿಸಿ ಬಂದಿದ್ದಾಗಿ ಹೇಳಿದರು. ಕಂದು ಕೋಟು, ಎಡಗಡೆ ಎರಡು ಹೇರ್‌ಪಿನ್, ಕಂಕುಳಲ್ಲಿ ದಿಂಬಿನ ಚೀಲದೊಳಗಿಟ್ಟ ಎರಡು ರಟ್ಟುಗಳು, ಆ ರಟ್ಟುಗಳ ನಡುವೆ ಹಾಳೆ. ಹೆಸರು ಹೇಳಿ, ವಯಸ್ಸು ಎಪ್ಪತ್ತೊಂಬತ್ತು ಎಂದು ಕೇಳದೆಯೇ ಸೇರಿಸಿ, ಮೂರನೇ ಬಗೆಯ ಬಿಲ್ಲೆ ಕೇಳಿದರು. ಫಲಕದಲ್ಲಿ ಹೆಸರಿದ್ದವರಿಗೆ ಮಾತ್ರ ಅದು ಎಂದು ವೆಕ್ಸ್‌ಲರ್ ಹೇಳಿ ಅಭಿಮಾನಿಯ ಬಿಲ್ಲೆ ಕೊಟ್ಟರು. ತಾನು ಅಭಿಮಾನಿಯಲ್ಲ, ಆ ಕತ್ತೆಯನ್ನು ಕಂಡರೆ ತನಗೆ ಯಾವತ್ತೂ ಆಗುತ್ತಿರಲಿಲ್ಲ ಎಂದು ಅವರು ಅಂದರು. ಹಿಂದೆ ನಿಂತಿದ್ದವರು ನಕ್ಕರು. ವೆಕ್ಸ್‌ಲರ್ ತಮ್ಮ ಎರಡೂ ಕಿವಿಗಳನ್ನು ಕೆಳಕ್ಕೆ ಬಾಗಿಸಿ ತೋರಿಸಿದರು. ಆಗ ಇನ್ನೂ ಹೆಚ್ಚು ನಕ್ಕರು.

ಸಭೆಯ ಕುರ್ಚಿಗಳೆಲ್ಲ ಭರ್ತಿಯಾಗಿದ್ದರಿಂದ ಶ್ರೀಮತಿ ಒಚೊವಾ ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ತಾವಿರುವ ವೃದ್ಧರ ವಸತಿಯಲ್ಲಿ ಶನಿವಾರ ಬೆಳಗಿನ ತಿಂಡಿಯ ಹೊತ್ತಿಗೆ ಟೀವಿಯಲ್ಲಿ ಈ ಹಳೆಯ ಕಂತುಗಳನ್ನು ಹಾಕುತ್ತಾರೆ, ಇದರ ಬಣ್ಣ ನಾನು ಬಳಿದದ್ದು ಎಂದು ಒಮ್ಮೆ ಬಾಯಿತಪ್ಪಿ ಹೇಳಿದೆ, ಅಂದಿನಿಂದ ಅದೇ ಮೇಜಿನ ನಾಲ್ಕು ಜನ ನಂಬದೆ, ಕತ್ತೆಯ ಬಾಲದಲ್ಲಿ ಕೂದಲೆಷ್ಟು ಎಂದು ದಿನಾ ಕೇಳುತ್ತಾರೆ ಎಂದು ಹೇಳಿದರು. ಫಲಕದಲ್ಲಿ ಹೆಸರು ಬರೆದ ಮೇಲೆ ಅದರ ಪಕ್ಕ ತನ್ನನ್ನು ನಿಲ್ಲಿಸಿ ಒಂದು ಫೋಟೊ ತೆಗೆದುಕೊಡಬೇಕು, ನಾಳೆ ತಿಂಡಿಯ ಮೇಜಿನ ಮೇಲೆ ಅದನ್ನು ಇಟ್ಟು ಸುಮ್ಮನೆ ಕೂರುತ್ತೇನೆ ಎಂದು ನನಗೆ ಹೇಳಿದರು. ನಾನು ಒಪ್ಪಿದೆ.

ಅವರ ಹೆಸರನ್ನು ಪಟ್ಟಿಯಲ್ಲಿ ಬರೆಯುವಾಗ ನನಗೆ ರಟ್ಟಿನ ಮೇಲಿದ್ದ ಮೊದಲಕ್ಷರಗಳು ನೆನಪಾದವು. ಆಗ ಸಮಯ 10.55. ಬ್ಯಾಗು ನಮ್ಮಿಬ್ಬರ ಕುರ್ಚಿಗಳ ನಡುವೆ ನೆಲದ ಮೇಲಿತ್ತು. ಅವರ ಎಡಗಾಲಿನಿಂದ ಅರ್ಧ ಅಡಿ ದೂರ. ನನ್ನ ಮಾಲೀಕರಿಗೆ ಮೊದಲು ತಿಳಿಸಬೇಕೆಂದು ನಾನು ಅವರಿಗೆ ಏನನ್ನೂ ಹೇಳಲಿಲ್ಲ. 11.05ಕ್ಕೆ ವೇದಿಕೆಯ ಹತ್ತಿರ ಹೋದೆ. ಹ್ಯಾಲೋರನ್ ಅವರು ಮೈಕಿನವರ ಜೊತೆ ಮಾತಾಡುತ್ತಿದ್ದರು. ನನ್ನನ್ನು ನೋಡಿ ಅಂಗೈ ಎತ್ತಿ ತಡೆದರು. ನಾನು ಎರಡು ನಿಮಿಷ ನಿಂತು ವಾಪಸು ಬಂದೆ.

11.30ಕ್ಕೆ ಶ್ರೀಮತಿ ಒಚೊವಾ ಅವರನ್ನು ವೇದಿಕೆಗೆ ಕರೆದರು. ಅವರು ದಿಂಬಿನ ಚೀಲ ಬಿಚ್ಚಿ ಹಾಳೆಯನ್ನು ಎತ್ತಿ ಹಿಡಿದರು. ಸ್ಕಾರ್ಫು ನೇರಳೆ ಬಣ್ಣದ್ದಾಗಿತ್ತು. ಸಭೆಯಲ್ಲಿ ಗದ್ದಲವಾಯಿತು. ಇಪ್ಪತ್ತಾರು ಕಂತುಗಳಲ್ಲಿ ಆ ಸ್ಕಾರ್ಫು ಕೆಂಪು ಬಿಟ್ಟು ಬೇರೆ ಬಣ್ಣದಲ್ಲಿ ಒಮ್ಮೆಯೂ ಕಾಣುವುದಿಲ್ಲ. ಮೊದಲು ನೇರಳೆಯೇ ಬಳಿದದ್ದು, ಟೀವಿಯವರು ಒಪ್ಪದೆ ಮತ್ತೆ ಕೆಂಪು ಬಳಿಸಿದರು, ಎಸೆದ ಹಾಳೆಗಳ ಬುಟ್ಟಿಯಿಂದ ಇದೊಂದನ್ನು ಎತ್ತಿಕೊಂಡೆ ಎಂದು ಅವರು ವಿವರಿಸಿದರು. ಅದಕ್ಕೆ ಕಾಗದವಿದೆಯೇ ಎಂದು ಹ್ಯಾಲೋರನ್ ಕೇಳಿದರು. ಇಲ್ಲ ಎಂದು ಅವರು ಹೇಳಿದರು. ಇಲ್ಲ ಎಂದು ಅವರು ಹೇಳಿದ್ದು 11.37ಕ್ಕೆ.

ಆಮೇಲೆ ಪ್ರಶ್ನೆಗಳು ಬಂದವು. ಇದಕ್ಕೆ ಯಾವ ನಿಯಮವೂ ಇಲ್ಲ, ಯಾರು ಬೇಕಾದರೂ ಕೇಳಬಹುದು. ಕೋಳಿ ಪ್ರೂಡೆನ್ಸ್ ಎಷ್ಟನೇ ಕಂತಿನಲ್ಲಿ ಕಣ್ಮರೆಯಾಯಿತು ಎಂದು ಒಬ್ಬರು ಕೇಳಿದರು. ಗೊತ್ತಿಲ್ಲ ಎಂದರು. ಕತ್ತೆ ನಗುವಾಗ ಎಷ್ಟು ಹಲ್ಲು ಕಾಣುತ್ತದೆ ಎಂದು ಇನ್ನೊಬ್ಬರು. ಅದೂ ಗೊತ್ತಿಲ್ಲ, ಹಲ್ಲಿನ ಬಿಳಿ ಬೇರೆ ಹುಡುಗಿಯ ಪಾಲಿಗಿತ್ತು ಎಂದರು. ಒಂದಾದರೂ ಕಂತು ನೋಡಿದ್ದೀರಾ ಎಂದು ವೆಕ್ಸ್‌ಲರ್ ಮೈಕಿನಲ್ಲಿ ಕೇಳಿದರು.

ಅವರು, “ಶನಿವಾರ ಬೆಳಿಗ್ಗೆ ನಮಗೆ ಕೆಲಸ ಇರ್ತಿತ್ತಪ್ಪ. ನೋಡೋಕೆ ನೀವೆಲ್ಲ ಇದ್ರಲ್ಲ,” ಅಂದರು.

ಆಮೇಲೆ ವೆಕ್ಸ್‌ಲರ್ ಅಡುಗೆಯವಳಿಗೆ ಊಟದ ರುಚಿ ಗೊತ್ತಿಲ್ಲವಂತೆ ಎಂದರು, ಎಲ್ಲರೂ ನಕ್ಕು ನೆಲಕ್ಕೆ ಒದ್ದರು. ವೇದಿಕೆಯ ಮೇಲಿನ ಬೋಗುಣಿ ಅದುರುವುದು ನನಗೆ ಬಾಗಿಲಿನಿಂದಲೇ ಕಾಣಿಸಿತು. ಶ್ರೀಮತಿ ಒಚೊವಾ ಬಣ್ಣದ ನಂಬರುಗಳನ್ನು ಹೇಳಿದರು: ನೇರಳೆ 38, ಕೆಂಪು 11, ಗೊರಸಿಗೆ ಬೂದು 6. ಈ ನಂಬರುಗಳು ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ ಎಂದು ಮುಂದಿನ ಸಾಲಿನಿಂದ ಒಬ್ಬರು ಕೂಗಿದರು. ಅಂತರ್ಜಾಲದಲ್ಲಿ ಇವೆ ಎನ್ನುವುದು ನಿಜ. ಅವು ಅಲ್ಲಿರುವುದು ನಾನು ಬರೆದ ವಿವರಣೆಗಳಲ್ಲಿ.

11.48ಕ್ಕೆ ಹ್ಯಾಲೋರನ್ ಅವರು ನೀರಿನ ಪರೀಕ್ಷೆಯ ಮಾತೆತ್ತಿದರು. ನಿಯಮಗಳನ್ನು ಗಟ್ಟಿಯಾಗಿ ಓದಿದರು. ಬಲವಂತವಿಲ್ಲ, ಬೇಡವೆಂದರೆ ಹಾಳೆ ತೆಗೆದುಕೊಂಡು ಮನೆಗೆ ಹೋಗಬಹುದು, ಆದರೆ ನಕಲಿ ತಂದವರು ಎಂದು ಲಾಯದ ಪುಸ್ತಕದಲ್ಲಿ ಹೆಸರು ದಾಖಲಾಗುತ್ತದೆ ಎಂದರು. ಶ್ರೀಮತಿ ಒಚೊವಾ ಅವರು, ಗೆರೆ ನಿಂತರೆ ಫಲಕದಲ್ಲಿ ಹೆಸರು ಬರುತ್ತದೆಯೇ ಎಂದು ಕೇಳಿದರು. ತಾವೇ ಬರೆಯುವುದಾಗಿ ಹ್ಯಾಲೋರನ್ ಎಲ್ಲರೆದುರು ಹೇಳಿದರು. ಬಣ್ಣ ಏನಾಗುತ್ತದೆ ಎಂದು ಅವರು ಕೇಳಿದರು. ಅದು ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಆ ಕಾಲದಲ್ಲಿ ಸ್ಟುಡಿಯೋದಲ್ಲಿ ಹಾಳೆ ತೊಳೆದು ಮತ್ತೆ ಬಳಸುತ್ತಿದ್ದರೆಂದು ನನಗೆ ಅವರೇ ಹೇಳಿದ್ದರು.

ಹ್ಯಾಲೋರನ್, “ಬಣ್ಣ ಹೋಗುತ್ತೆ ಅಜ್ಜಿ. ಸತ್ಯ ಉಳಿಯುತ್ತೆ,” ಎಂದರು.

11.52ಕ್ಕೆ ನಾನು ಎದ್ದು ನಿಂತೆ. ಫೈಲು ನನ್ನ ಕೈಯಲ್ಲಿತ್ತು. ಕುರ್ಚಿ ಹಿಂದಕ್ಕೆ ಸರಿದು ಸದ್ದಾಯಿತು. ವೆಕ್ಸ್‌ಲರ್ ಅದನ್ನು ನೋಡಿ ಮೈಕಿನಲ್ಲಿ, “ತಡೀರಿ ತಡೀರಿ, ನಮ್ಮ ಸಾಹಿತ್ಯ ಬಾಯಿ ತೆರೀತಾಳಂತೆ, ಯಾರಾದ್ರೂ ರೆಕಾರ್ಡ್ ಮಾಡ್ಕೊಳ್ಳಿ,” ಎಂದರು. ಅರವತ್ತಕ್ಕೂ ಹೆಚ್ಚು ಜನ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಏಳೆಂಟು ಫೋನುಗಳು ಮೇಲೆದ್ದವು. ಏನಮ್ಮಾ ಎಂದು ಹ್ಯಾಲೋರನ್ ಕೇಳಿದರು. ನಾನು ಹೇಳಿದ ಮಾತು ಇದು:

“ನೀರು ಬಿಸಿ ಇದೆಯಾ ನೋಡ್ಕೊಂಡು ಬರ್ತೀನಿ.”

ಫೈಲನ್ನು ಬ್ಯಾಗಿಗೆ ಹಾಕಿ ಅಡುಗೆಕೋಣೆಗೆ ಹೋದೆ. ಕೆಟಲಿನಲ್ಲಿ ನೀರು ಕಾಯಿಸಿದೆ. ಕಾಯಲು ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷ ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ತಂದು ಬೋಗುಣಿಗೆ ಸುರಿದವಳು ನಾನೇ. ಕೈ ಸುಡುತ್ತದೆಂದು ತಣ್ಣೀರು ಬೆರೆಸಿದೆ. ಅದಕ್ಕೆ ಶ್ರೀಮತಿ ಒಚೊವಾ ನನಗೆ ಥ್ಯಾಂಕ್ಸ್ ಹೇಳಿದರು.

ತೊಳೆದದ್ದು 11.58ರಿಂದ 12.12ರವರೆಗೆ. ಅವರು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ತೋಳು ಮಡಚಿ, ಹಾಳೆಯನ್ನು ಬಣ್ಣದ ಬದಿ ಕೆಳಗಾಗಿ ನೀರಿಗೆ ಇಳಿಸಿದರು. ಐದು ನಿಮಿಷ ಮುಟ್ಟಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಅಂಚಿನಿಂದ ಒಳಕ್ಕೆ ಉಜ್ಜಿದರು. ಮೊದಲು ಬೂದು ಬಿಟ್ಟಿತು, ನಂತರ ಕಂದು. ಸ್ಕಾರ್ಫನ್ನು ಕೊನೆಗೆ ಇಟ್ಟುಕೊಂಡರು. ನೇರಳೆ ಬಣ್ಣ ಪುಡಿಪುಡಿಯಾಗದೆ ಒಂದೇ ಸಿಪ್ಪೆಯಾಗಿ ಎದ್ದು ಬಂದು ನೀರಿನ ಮೇಲೆ ತೇಲಿತು. ಅದನ್ನು ಅವರು ಅಂಗೈ ಮೇಲೆ ತೆಗೆದುಕೊಂಡು ನೋಡಿ ಮತ್ತೆ ನೀರಿಗೆ ಬಿಟ್ಟರು.

ಹಾಳೆಯನ್ನು ಎತ್ತಿ ದೀಪಕ್ಕೆ ಹಿಡಿದಾಗ ಗೆರೆ ಹಾಗೆಯೇ ಇತ್ತು. ಕಿವಿ, ಗೊರಸು, ಬೀಸಿದ ಸ್ಕಾರ್ಫು, ಕೆಳಗಿನ ದೃಶ್ಯದ ನಂಬರು ಎಲ್ಲ ಇದ್ದವು. ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಅವರು ಒದ್ದೆ ಹಾಳೆ ಹಿಡಿದುಕೊಂಡೇ ಫಲಕದ ಕಡೆಗೆ ನಾಲ್ಕು ಹೆಜ್ಜೆ ನಡೆದರು.

ಹ್ಯಾಲೋರನ್ ಅವರು ಹಾಳೆಯನ್ನು ಮುಟ್ಟದೆ ಬಗ್ಗಿ ನೋಡಿದರು. ಹಾಳೆ ಅಸಲಿ ಎಂದು ಒಪ್ಪಿಕೊಂಡರು. ಆದರೆ ಸ್ಟುಡಿಯೋದ ಕಸದಲ್ಲಿ ಸಿಕ್ಕ ಅಸಲಿ ಹಾಳೆಗೆ ಯಾರು ಬೇಕಾದರೂ ಮನೆಯಲ್ಲಿ ಕೂತು ನೇರಳೆ ಬಳಿದಿರಬಹುದು, ಬಣ್ಣ ಯಾರದೆಂದು ಈಗ ಹೇಳುವಂತಿಲ್ಲ ಎಂದರು. ಗೆರೆ ನಿಂತರೆ ಬರೆಯುತ್ತೇನೆ ಎಂದಿರಲ್ಲ ಎಂದು ಶ್ರೀಮತಿ ಒಚೊವಾ ಕೇಳಿದರು.

“ಗೆರೆ ನಿಮ್ಮದಲ್ವಲ್ಲ ಅಜ್ಜಿ. ಮಷೀನಿಂದು. ನಿಮ್ಮದು ಅಂತ ಹೇಳಿದ್ದು ಬಣ್ಣ ತಾನೆ? ಅದು ಎಲ್ಲಿದೆ ತೋರ್ಸಿ,” ಎಂದು ಹ್ಯಾಲೋರನ್ ಹೇಳಿದರು.

ಅವರು ಬೋಗುಣಿಯನ್ನು ತೋರಿಸಿದರು. ಎಲ್ಲರೂ ನಗಲಿಲ್ಲ ಎಂಬುದನ್ನು ಹೇಳಬೇಕು. ನೆಲಕ್ಕೆ ಒದ್ದವರು ಸುಮಾರು ಇಪ್ಪತ್ತು ಮಂದಿ. ಉಳಿದವರು ತಮ್ಮ ಫೋನುಗಳನ್ನು ನೋಡುತ್ತಿದ್ದರು.

12.15ಕ್ಕೆ ಊಟದ ಬಿಡುವು. ಎಲ್ಲರೂ ಹಿತ್ತಲಿನ ಅಂಗಳಕ್ಕೆ ಹೋದರು. ಅಲ್ಲಿ ಹಾಟ್‌ಡಾಗ್ ಮತ್ತು ಗೊರಸಿನ ಆಕಾರದ ಬಿಸ್ಕತ್ತು ಇದ್ದವು. ಸಭಾಂಗಣದಲ್ಲಿ ಉಳಿದವರು ಶ್ರೀಮತಿ ಒಚೊವಾ ಮತ್ತು ನಾನು. ಅವರು ವೇದಿಕೆಯ ಮೆಟ್ಟಿಲ ಮೇಲೆ ಕೂತಿದ್ದರು. ತೊಳೆದ ಹಾಳೆಯನ್ನು ವೇದಿಕೆಯ ಅಲಂಕಾರಕ್ಕೆ ಕಟ್ಟಿದ್ದ ದಾರಕ್ಕೆ ಕ್ಲಿಪ್ ಹಾಕಿ ತೂಗಿಬಿಟ್ಟಿದ್ದರು.

12.24ಕ್ಕೆ ನಾನು ಹಸಿರು ಫೈಲನ್ನು ಅವರ ಕೈಗೆ ಕೊಟ್ಟೆ. ಅವರು ಮೊದಲು ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ರಟ್ಟನ್ನು ಅಂಚು ಹಿಡಿದು ಹೊರತೆಗೆದರು. ಮೂರು ಸಲ ಓದಿದರು. ಕೈಬರಹ ತನ್ನದೇ ಎಂದರು. ಇದು ಯಾವಾಗ ಸಿಕ್ಕಿತು ಎಂದು ಕೇಳಿದರು. ಗುರುವಾರ ಎಂದೆ. ಇವತ್ತು ಬೆಳಿಗ್ಗೆ ಎಲ್ಲಿತ್ತು ಎಂದು ಕೇಳಿದರು. ಬ್ಯಾಗಿನಲ್ಲಿ ಎಂದೆ. ಯಾವ ಬ್ಯಾಗು ಎಂದು ಕೇಳಿದರು. ನಾನು ತೋರಿಸಿದೆ.

“ನನ್ನ ಕಾಲ ಹತ್ರಾನೇ ಇತ್ತಲ್ಲ,” ಎಂದರು. ರಟ್ಟನ್ನು ಮಡಿಲಲ್ಲಿಟ್ಟುಕೊಂಡು, “ಯಾಕೆ ಕೊಡ್ಲಿಲ್ಲ ಮಗಳೇ?” ಎಂದು ಕೇಳಿದರು.

ಸಾರ್ಜೆಂಟ್ ಅವರೂ ಇದನ್ನೇ ಕೇಳಿದರು. ಎಲ್ಲರೂ ನೋಡುತ್ತಿದ್ದರು ಎಂಬುದು ನನ್ನ ಉತ್ತರ. ಬೇರೆ ಉತ್ತರವಿಲ್ಲ.

ಆಮೇಲೆ ಅವರು ರಟ್ಟಿನಲ್ಲಿದ್ದ ಎರಡನೇ ಮಾದರಿಯ ಮೇಲೆ, ಅಂದರೆ ಕೆಂಪಿನ ಮೇಲೆ, ಬೆರಳಿಟ್ಟು ಗೋಡೆಯ ಕಡೆ ನೋಡಿದರು. ಎದ್ದು ಹ್ಯಾಲೋರನ್ ಅವರ ಚೌಕಟ್ಟಿನ ಮುಂದೆ ನಿಂತರು. ಕತ್ತೆಯ ಎಡಗಿವಿಯ ತುದಿಯಲ್ಲಿ ಕಂದು ಬಣ್ಣ ಗೆರೆ ದಾಟಿದ್ದನ್ನು ಕಡ್ಡಿಯಿಂದ ಕೆರೆದ ಗುರುತು ಇತ್ತು. ನಾನು ಆ ಹಾಳೆಗೆ ವಿವರಣೆ ಬರೆದಾಗ ಅದನ್ನು ಕಾಲದಿಂದಾದ ಸಣ್ಣ ಗೀರು ಎಂದು ಬರೆದಿದ್ದೆ. ಅದು ತಾನೇ ಕೆರೆದದ್ದು, ಆ ದಿನ ತನಗೆ ಜ್ವರವಿತ್ತು, ಅದಕ್ಕೇ ಬಣ್ಣ ಗೆರೆ ದಾಟಿತ್ತು ಎಂದು ಅವರು ಹೇಳಿದರು. ಇಬ್ಬರ ಹಾಳೆಯೂ ಅಸಲಿ. ಎರಡನ್ನೂ ಬಳಿದದ್ದು ಅವರೇ. ರಟ್ಟನ್ನು ಬೆಳಿಗ್ಗೆ ಓದಿದ್ದರೆ ಇಬ್ಬರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ.

ಅವರು ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಮಗುಚಿ, ಹಿಂದಿನ ಮೊಳೆಗಳನ್ನು ಹೇರ್‌ಪಿನ್ನಿನಿಂದ ಒಂದೊಂದಾಗಿ ಮೀಟಿದರು. ನಾಲ್ಕು ಮೊಳೆಗಳಿದ್ದವು. ಏನು ಮಾಡುತ್ತಿದ್ದೀರಿ ಎಂದು ನಾನು ಕೇಳಿದೆ.

“ತಂದವರೇ ತೊಳೀಬೇಕು ಅಂತ ತಾನೆ ಬರೆದಿರೋದು? ಇದನ್ನೂ ಈ ಲೋಕಕ್ಕೆ ತಂದವಳು ನಾನೇ,” ಎಂದರು. ಅವರ ದನಿ ಏರಿರಲಿಲ್ಲ. ಬೋಗುಣಿಯ ನೀರಿನಲ್ಲಿ ಬೆರಳಿಟ್ಟು, ತಣ್ಣಗಾಗಿದೆಯಲ್ಲ ಎಂದರು.

ಈ ಮುಂದಿನದನ್ನು ನನ್ನನ್ನು ಯಾರೂ ಕೇಳಿಲ್ಲ, ನಾನಾಗಿಯೇ ಬರೆಸುತ್ತಿದ್ದೇನೆ. ಎರಡನೇ ಕೆಟಲ್ ನೀರು ಕಾಯಿಸಿ ತಂದುಕೊಟ್ಟವಳೂ ನಾನೇ. ಅವರು ಬೆದರಿಸಲಿಲ್ಲ. ಕೇಳಿದ್ದೂ ಇಲ್ಲ. ಹಿತ್ತಲ ಬಾಗಿಲು ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿತ್ತು. ಹ್ಯಾಲೋರನ್ ಅವರು ನಗುವುದು ಅಲ್ಲಿಂದ ಕೇಳುತ್ತಿತ್ತು. ನಾನು ಕರೆಯಲಿಲ್ಲ.

ಕೆಂಪು ಬೇಗ ಬಿಟ್ಟಿತು. ಒಟ್ಟು ಒಂಬತ್ತು ನಿಮಿಷ. ಗೆರೆ ಇಲ್ಲಿಯೂ ನಿಂತಿತು. ಅವರು ಅದನ್ನು ಮೊದಲನೆಯದರ ಪಕ್ಕದಲ್ಲಿ ಕ್ಲಿಪ್ ಹಾಕಿ ತೂಗಿಬಿಟ್ಟರು. ಎರಡೂ ಒಂದೇ ಚಿತ್ರದಿಂದ ಅಚ್ಚಾದ ಗೆರೆಗಳು. ಗಾಳಿಗೆ ಒಂದರ ಮೇಲೊಂದು ಬಂದಾಗ ಒಂದೇ ಹಾಳೆಯಂತೆ ಕಂಡವು.

12.46ಕ್ಕೆ ಹ್ಯಾಲೋರನ್ ಒಳಗೆ ಬಂದರು. ಕೈಯಲ್ಲಿ ಅರ್ಧ ತಿಂದ ಹಾಟ್‌ಡಾಗ್ ಇತ್ತು. ಮೊದಲು ಖಾಲಿ ಮೊಳೆಯನ್ನು, ಆಮೇಲೆ ದಾರವನ್ನು, ಆಮೇಲೆ ಬೋಗುಣಿಯನ್ನು ನೋಡಿದರು. ನೀರು ಅಷ್ಟು ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಅವರು ನೆಲದ ಮೇಲೆ ಕೂತುಬಿಟ್ಟರು. ಐವತ್ತೆಂಟು ವರ್ಷದ ಅವರು ಅಳುವುದನ್ನು ನಾನು ಮೊದಲ ಸಲ ನೋಡಿದೆ. ಹತ್ತೊಂಬತ್ತನೇ ವಯಸ್ಸಿನಿಂದ ಪ್ರತಿದಿನ ಎದ್ದ ಕೂಡಲೇ ನೋಡುತ್ತಿದ್ದದ್ದು ಅದನ್ನೇ ಎಂದು ಹೇಳಿದರು. ಶ್ರೀಮತಿ ಒಚೊವಾ ತಲೆಯಾಡಿಸಿದರು. ತಾನೂ ಅಷ್ಟೇ ಎಂದರು. 12.50ಕ್ಕೆ ಹ್ಯಾಲೋರನ್ ಪೊಲೀಸರಿಗೆ ಫೋನ್ ಮಾಡಿದರು.

ಅಷ್ಟರಲ್ಲಿ ಎಲ್ಲರೂ ಒಳಗೆ ಬಂದಿದ್ದರು. ಮೆಟ್ಟಿಲ ಮೇಲಿದ್ದ ಬಣ್ಣದ ಪಟ್ಟಿಯನ್ನು ವೆಕ್ಸ್‌ಲರ್ ಎತ್ತಿಕೊಂಡು ಮೈಕಿನಲ್ಲಿ ಪೂರ್ತಿ ಓದಿದರು. ಓದಿ ಮುಗಿಸಿದಾಗ ಯಾರೋ ಹಿಂದಿನಿಂದ ನೆಲಕ್ಕೆ ಒದ್ದರು. ಆಮೇಲೆ ಎಲ್ಲರೂ ಒದ್ದರು. ಬೆಳಗಿನಿಂದ ಅಷ್ಟು ಜೋರಾಗಿ ಒದ್ದಿರಲಿಲ್ಲ. ಎರಡು ನಿಮಿಷದೊಳಗೆ ಅವರ ಮುಂದೆ ಸಾಲು ನಿಂತಿತು. ನಾನು ಎಣಿಸಿದಂತೆ ಮೂವತ್ತೊಂದು ಜನ. ಸಹಿ ಬೇಕೆಂದು ಬಿಲ್ಲೆ, ಟೋಪಿ, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಿಡಿದು ನಿಂತಿದ್ದರು. ಗೊರಸಿನ ಬೂದು 6ರ ಬಗ್ಗೆ ಕೇಳಬೇಕು ಎಂದು ಒಬ್ಬರು, ಅವರಿಗೆ ಕೂರಲು ಕುರ್ಚಿ ಕೊಡಿ ಎಂದು ಇನ್ನೊಬ್ಬರು. ತೊಳೆದ ಹಾಳೆಗಳ ಮೇಲೆ ಸಹಿ ಹಾಕಿಸಿದರೆ ಜಗತ್ತಿನಲ್ಲಿ ಅಂಥದ್ದು ಎರಡೇ ಇರುತ್ತವೆ ಎಂದು ಮುಂದಿನ ಸಾಲಿನವರು ಹೇಳಿದರು. ಸಾಕ್ಷ್ಯವನ್ನು ಯಾರೂ ಮುಟ್ಟಕೂಡದು ಎಂದು ಹ್ಯಾಲೋರನ್ ನೆಲದಿಂದಲೇ ಕೂಗಿದರು. ಸ್ವಲ್ಪ ಹೊತ್ತಿನ ಮೇಲೆ, ಹಾಕಿಸುವುದಾದರೆ ಎರಡಕ್ಕೂ ಹಾಕಿಸಿ ಎಂದರು.

ಶ್ರೀಮತಿ ಒಚೊವಾ ಯಾರಿಗೂ ಸಹಿ ಹಾಕಲಿಲ್ಲ. ಕೋಟು ಮತ್ತೆ ತೊಟ್ಟು, ಎರಡೂ ಕೈಗಳನ್ನು ಅದರ ಜೇಬಿನಲ್ಲಿಟ್ಟುಕೊಂಡು ಕೂತಿದ್ದರು.

12.58ಕ್ಕೆ ಇಬ್ಬರು ಪೊಲೀಸರು ಬಂದರು. ಬೇಡಿ ಹಾಕಲಿಲ್ಲ, ಕಾರಿನವರೆಗೆ ಬನ್ನಿ ಎಂದರು. ಶ್ರೀಮತಿ ಒಚೊವಾ ಹೊರಡಲು ಎದ್ದಾಗ ವೆಕ್ಸ್‌ಲರ್ ಕತ್ತೆಕಿವಿಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ದಪ್ಪ ಕಪ್ಪು ಪೆನ್ನು ತಂದು ಫಲಕದ ಮುಂದೆ ನಿಂತರು. ಅರವತ್ತೊಂದು ಹೆಸರುಗಳ ಕೆಳಗೆ ಒಂದು ಸಾಲಿನ ಜಾಗವಿತ್ತು. ಜಾಗ ಬೆಳಿಗ್ಗೆಯೂ ಇತ್ತು. ಹೆಸರು ಹೇಗೆ ಬರೆಯಬೇಕು ಎಂದು ಅವರು ವಿನಯದಿಂದಲೇ ಕೇಳಿದರು.

ಶ್ರೀಮತಿ ಒಚೊವಾ ಪೆನ್ನನ್ನು ನೋಡಿ, “ಈ ಶಾಯಿ ತೊಳೆದ್ರೆ ಹೋಗುತ್ತಾ?” ಎಂದು ಕೇಳಿದರು.

“ಇಲ್ಲ ಅಮ್ಮಾ, ಯಾವತ್ತಿಗೂ ಹೋಗಲ್ಲ,” ಎಂದು ವೆಕ್ಸ್‌ಲರ್ ಹೇಳಿದರು.

“ಹಾಗಾದ್ರೆ ಬೇಡ,” ಎಂದರು.

ಅವರು ನನ್ನ ಮುಂದೆಯೇ ಹಾದು ಹೋದರು. ಬೆಳಿಗ್ಗೆ ಕೇಳಿದ್ದ ಫೋಟೊದ ಬಗ್ಗೆ ಅವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಎದೆಯ ಮೇಲಿನ ಅಭಿಮಾನಿಯ ಬಿಲ್ಲೆಯನ್ನು ಬಿಚ್ಚಿ ನನ್ನ ಮೇಜಿನ ಮೇಲೆ, ಅದು ಬೆಳಿಗ್ಗೆ ಇದ್ದ ಡಬ್ಬಿಯೊಳಗೇ ಇಟ್ಟರು. ರಾತ್ರಿಯ ಊಟಕ್ಕೆ ತಡವಾಗಬಹುದೆಂದು ವಸತಿಗೆ ತಿಳಿಸಿ ಎಂದು ಪೊಲೀಸರಿಗೆ ಹೇಳಿದ್ದು ಕೇಳಿಸಿತು.

ಎರಡೂ ಹಾಳೆಗಳನ್ನು ಇಂದು ನನ್ನ ಮುಂದಿಟ್ಟು ಹ್ಯಾಲೋರನ್ ಅವರಿಗೆ ಸೇರಿದ್ದು ಯಾವುದು ಎಂದು ಗುರುತಿಸಲು ಸಾರ್ಜೆಂಟ್ ಅವರು ಹೇಳಿದರು. ಬಣ್ಣವಿಲ್ಲದೆ ಅದು ಸಾಧ್ಯವಿಲ್ಲ, ಕಿವಿಯ ತುದಿಯ ಗುರುತೂ ಬಣ್ಣದ ಜೊತೆಗೇ ಹೋಗಿದೆ. ಹ್ಯಾಲೋರನ್ ಅವರಿಗೂ ಸಾಧ್ಯವಾಗಲಿಲ್ಲವೆಂದು ತಿಳಿಯಿತು. ಮೊದಲ ಹಾಳೆಯನ್ನು ತೊಳೆಯಲು ಶ್ರೀಮತಿ ಒಚೊವಾ ಅವರನ್ನು ಯಾರಾದರೂ ಬಲವಂತ ಮಾಡಿದರೇ ಎಂದು ಸಾರ್ಜೆಂಟ್ ಅವರು ಕೇಳಿದ್ದಕ್ಕೆ, ಇಲ್ಲ, ಯಾರೂ ಅವರನ್ನು ಮುಟ್ಟಲಿಲ್ಲ, ನಿಯಮಗಳಲ್ಲಿ ಒಂದನ್ನೂ ಮುರಿಯಲಿಲ್ಲ ಎಂದು ಹೇಳಿದೆ. ಬಣ್ಣದ ಪಟ್ಟಿಯನ್ನು ಹಸಿರು ಫೈಲಿನ ಸಮೇತ ಈ ಹೇಳಿಕೆಯ ಜೊತೆ ಒಪ್ಪಿಸಿದ್ದೇನೆ.

ಮೇಲೆ ಬರೆಸಿದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮತ್ತು ಮಾಡದೆ ಬಿಟ್ಟದ್ದು. ನನಗೆ ಓದಿ ಹೇಳಿದ್ದಾರೆ, ನಾನೂ ಓದಿ ನೋಡಿದ್ದೇನೆ. ತಿದ್ದುವಂಥದ್ದು ಏನೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ, ಬರ್‌ಬ್ಯಾಂಕ್
ದಿನಾಂಕ: 16-10-2023, ಬೆಳಿಗ್ಗೆ 11.40

ಸಹಿ
ಮಾರಿಯೆಲ್ ಸ್ಟ್ರೌಡ್